ಪಾಪ್ಪಿಯ ನಗು: ಲವಲವಿಕೆಯೋ, ಉಡಾಫೆಯೋ?

ಬೆಳಗಿಂದ ರಾತ್ರಿವರೆಗೆ ನಗುತ್ತಲೇ ಇರುವವರನ್ನು ಮೆಚ್ಚಬೇಕಾ, ಸುಮ್ನೆ ಸಹಿಸಿಕೊಳ್ಳಬೇಕಾ? ಈ ಪ್ರಶ್ನೆಗೆ ನಾನು ಆರಿಸಿಕೊಂಡ ಸಿನಿಮಾ ‘ಹ್ಯಾಪಿ ಗೋ ಲಕ್ಕಿ’ (2008). ನಿರ್ದೇಶಕ ಬ್ರಿಟನ್ನಿನ ಮೈಕ್ ಲೀ. ನಾಯಕಿ ಪಾಪ್ಪಿ ಲಂಡನ್ನಿನ ಪ್ರೈಮರಿ ಶಾಲೆಯ ಟೀಚರ್, ವಯಸ್ಸು 30. (ಬರೆಯುವಾಗ ಒತ್ತಕ್ಷರ ಬಿಡಬೇಡಿ, ಪಾಪ, ಪಾಪಿ ಆಗಿಬಿಡುತ್ತಾಳೆ.) ಈ ಪಾತ್ರಕ್ಕೆ ಸ್ಯಾಲಿ ಹಾಕಿನ್ಸ್‌ಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ಶುರುವಿನಲ್ಲೇ ಪಾಪ್ಪಿ ಒಂದು ಪುಸ್ತಕದಂಗಡಿಗೆ ಹೋಗುತ್ತಾಳೆ. ಅಂಗಡಿಯವನು ಮುಖ ಗಂಟು ಹಾಕಿಕೊಂಡು ಕೂತಿದ್ದಾನೆ. ಇವಳು ವಟವಟ ಅಂತ ಮಾತಾಡುತ್ತಲೇ ಇರುತ್ತಾಳೆ. ಅವನು ತುಟಿ ಬಿಚ್ಚುವುದಿಲ್ಲ, ಇವಳು ಬಿಡುವುದಿಲ್ಲ. ಹೊರಗೆ ಬಂದರೆ ಸೈಕಲ್ ಕಳುವಾಗಿದೆ. ಬೈಗುಳ ಇಲ್ಲ, ಅಳು ಇಲ್ಲ. ಅದಕ್ಕೊಂದು ಟಾಟಾ ಹೇಳೋಕೂ ಆಗಲಿಲ್ಲವಲ್ಲ ಅನ್ನುವುದಷ್ಟೇ ಅವಳ ಬೇಜಾರು. ಮೊದಲ ಸಲ ನೋಡಿದಾಗ ನನಗೆ ತಲೆ ಚಿಟ್ಟು ಹಿಡಿದಿತ್ತು.

ಇಲ್ಲಿ ನಮ್ಮ ಭಾಷೆಯೇ ಸಹಾಯಕ್ಕೆ ಬರುತ್ತದೆ. ಲವಲವಿಕೆ ಅಂದರೆ ಮೆಚ್ಚುಗೆ. ಹುಡುಗಾಟ ಅಂದರೆ ಅರ್ಧ ಮೆಚ್ಚುಗೆ, ಅರ್ಧ ಗದರಿಕೆ. ಉಡಾಫೆ ಅಂದರೆ ಬೈಗುಳವೇ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ನಗುತ್ತವೆ. ಪಾಪ್ಪಿಯದು ಯಾವುದು?

ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1751ರಲ್ಲೇ ಹಸನ್ಮುಖವನ್ನು ಒಂದು ಸದ್ಗುಣ ಎಂದು ಎಣಿಸಿದ. ಕಾರಣ ಸರಳ: ಅದು ಪಕ್ಕದವರಿಗೂ ಅಂಟುತ್ತದೆ. ಆದರೆ ಅಂಗಡಿಯವನಿಗೆ ಅಂಟಲಿಲ್ಲವಲ್ಲ! ನನಗೆ ಅರಿಸ್ಟಾಟಲ್ ಹೆಚ್ಚು ಉಪಯೋಗಕ್ಕೆ ಬಂದ. ಅವನ ಲೆಕ್ಕದಲ್ಲಿ ಒಂದು ತುದಿಗೆ ಎಲ್ಲದಕ್ಕೂ ಹಲ್ಲು ಕಿರಿಯುವ ಕೋಡಂಗಿ, ಇನ್ನೊಂದು ತುದಿಗೆ ಯಾವುದಕ್ಕೂ ನಗದ ಒರಟ. ಯಾರ ಮುಂದೆ, ಎಲ್ಲಿ, ಎಷ್ಟು ಅಂತ ಗೊತ್ತಿರುವವನು ನಡುವೆ. ಹಾಗಾಗಿ ಪಾಪ್ಪಿ ಎಷ್ಟು ನಗುತ್ತಾಳೆ ಅಂತ ನೋಡಬೇಡಿ. ಎಲ್ಲಿ ನಿಲ್ಲಿಸುತ್ತಾಳೆ ನೋಡಿ.

ಮೂರು ಕಡೆ ನಿಲ್ಲಿಸುತ್ತಾಳೆ. ಅವಳ ಶಾಲೆಯ ಹುಡುಗನೊಬ್ಬ ಬೇರೆ ಮಕ್ಕಳಿಗೆ ಹೊಡೆಯುತ್ತಾನೆ. ಅವಳು ಗಮನಿಸುತ್ತಾಳೆ, ಹೆಡ್‌ಟೀಚರ್‌ಗೆ ಹೇಳುತ್ತಾಳೆ. ಸಮಾಜ ಕಾರ್ಯಕರ್ತ ಬಂದು ಮೆಲ್ಲಗೆ ಮಾತಾಡಿಸಿದಾಗ, ಮನೆಯಲ್ಲಿ ಅವನಿಗೇ ಏಟು ಬೀಳುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಇನ್ನೊಂದು ರಾತ್ರಿ, ಕತ್ತಲಲ್ಲಿ, ತನ್ನಷ್ಟಕ್ಕೆ ಗೊಣಗುತ್ತಿರುವ ಮನೆಯಿಲ್ಲದ ಒಬ್ಬ ಮನುಷ್ಯ ಎದುರಾಗುತ್ತಾನೆ. ಅವನ ಮಾತು ಅರ್ಧಕ್ಕರ್ಧ ತುಂಡು ತುಂಡು. ಪಾಪ್ಪಿ ಜೋಕ್ ಮಾಡುವುದಿಲ್ಲ. ಪಕ್ಕದಲ್ಲೇ ಇದ್ದು ಕೇಳಿಸಿಕೊಳ್ಳುತ್ತಾಳೆ, ಅಷ್ಟೇ.

ಮೂರನೆಯದು ಕಷ್ಟದ್ದು. ಸೈಕಲ್ ಹೋದ ಮೇಲೆ ಅವಳು ಡ್ರೈವಿಂಗ್ ಕಲಿಯೋಕೆ ಸೇರುತ್ತಾಳೆ. ಕಲಿಸುವವನು ಸ್ಕಾಟ್ (ಎಡ್ಡಿ ಮಾರ್ಸನ್), ಮೂಗಿನ ತುದಿಯಲ್ಲೇ ಸಿಟ್ಟು. ಕಾರಿನ ಕನ್ನಡಿಗೆ ‘ಎನ್‌ರಾಹಾ’ ಅಂತ ಹೆಸರಿಟ್ಟು ಮತ್ತೆ ಮತ್ತೆ ಕೂಗುತ್ತಾನೆ. ಕಪ್ಪು ಜನರನ್ನು ಕಂಡರೆ ಕಾರಿನ ಬಾಗಿಲು ಲಾಕ್ ಮಾಡಿಸುತ್ತಾನೆ. ಅವಳ ಹೈಹೀಲ್ಡ್ ಬೂಟು ಕಂಡರೆ ಅವನಿಗೆ ಆಗದು. ಅವಳು ಅದನ್ನೇ ಹಾಕಿಕೊಂಡು ಬರುತ್ತಾಳೆ, ಅವನನ್ನು ಕೆಣಕುತ್ತಾಳೆ. ಈ ನಗುವನ್ನು ಅವನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಾನೆ. ಕೊನೆಯ ಪಾಠದಲ್ಲಿ, ಅವಳ ಜೊತೆ ಬೇರೊಬ್ಬನನ್ನು ಕಂಡ ಹೊಟ್ಟೆಕಿಚ್ಚಿನಿಂದ ಹುಚ್ಚಾಪಟ್ಟೆ ಕಾರು ಓಡಿಸುತ್ತಾನೆ. ಅವಳು ಕೀ ಕಿತ್ತುಕೊಳ್ಳುತ್ತಾಳೆ, ಈ ಸ್ಥಿತಿಯಲ್ಲಿ ಓಡಿಸೋಕೆ ಬಿಡಲ್ಲ ಅನ್ನುತ್ತಾಳೆ. ಅವನು ನೀನೇ ಆಟ ಆಡಿಸಿದೆ ಅಂತ ರಸ್ತೆಯಲ್ಲೇ ಕೂಗಾಡುತ್ತಾನೆ. ಎಲ್ಲ ತಣ್ಣಗಾದ ಮೇಲೆ ಮುಂದಿನ ಪಾಠದ ಮಾತೆತ್ತುತ್ತಾನೆ. ಬೇಡ ಅನ್ನುತ್ತಾಳೆ. ಅವಳ ಮುಖದಲ್ಲಿ ಆಗ ನಗುವಿಲ್ಲ, ಗೆದ್ದೆ ಅನ್ನುವ ಭಾವವೂ ಇಲ್ಲ.

ತಪ್ಪು ಅವಳದೇ ಅಂತ ಅಂದುಕೊಳ್ಳಬೇಡಿ. ಸಿಟ್ಟು ಅವನದು, ಹೊಣೆಯೂ ಅವನದೇ. ಆದರೆ ಮನುಷ್ಯ ಸರಿಯಿಲ್ಲ ಅಂತ ಅವಳಿಗೆ ಗೊತ್ತಾಗಿದ್ದು ತಡವಾಗಿ ಅನ್ನುವುದೂ ನಿಜ. ಮಗುವಿನಲ್ಲಿ ಬೇಗ ಕಂಡದ್ದು ಸ್ಕಾಟ್‌ನಲ್ಲಿ ಕಾಣಲಿಲ್ಲ. ಕಂಡ ಮೇಲೆ ಮಾತ್ರ ಓಡಿಹೋಗಲಿಲ್ಲ, ಅಲ್ವಾ? ಉಡಾಫೆಯವರು ಮೊದಲು ಓಡುವುದು ಅಲ್ಲಿಂದಲೇ. ಹಾಗಾಗಿ ನನ್ನ ಮಟ್ಟಿಗೆ ಪಾಪ್ಪಿ ಮೆಚ್ಚುವಂಥವಳೇ, ಸ್ವಲ್ಪ ಹುಡುಗಾಟ ಜಾಸ್ತಿ.

ಆ ಪುಸ್ತಕದಂಗಡಿಯ ವಿಷಯದಲ್ಲಿ ಮಾತ್ರ ನಾನು ಈಗಲೂ ಅಂಗಡಿಯವನ ಕಡೆಗೇ.