ಅಂಗಡಿಯವರ ಕಡೆಗೂ ಒಂದು ಪರದೆ ತಿರುಗಲಿ

2025ರ ಜುಲೈ ಕೊನೆಯ ವಾರ. ಹಾಸನದ ಬಿ.ಎಂ. ರಸ್ತೆಯಲ್ಲಿರುವ ನನ್ನ ಆಫೀಸಿನ ಮೆಟ್ಟಿಲ ಮೇಲೆ ಒಬ್ಬರು ಕಾಯುತ್ತಾ ಕೂತಿದ್ದರು. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ಗಂಡ ಹೆಂಡತಿ ಸೇರಿ ನಡೆಸುವ ಕಾಂಡಿಮೆಂಟ್ಸ್ ಅಂಗಡಿ ಅವರದು. ಬೆಳಿಗ್ಗೆ ಹಾಲು, ಆಮೇಲೆ ಬಿಸ್ಕತ್ತು, ಚಿಪ್ಸ್, ಸೋಪು, ಜ್ಯೂಸು. ಒಳಗೆ ಬಂದವರೇ ಜೇಬಿನಿಂದ ಮುದುಡಿದ ಸ್ಟಿಕ್ಕರ್ ಒಂದನ್ನು ತೆಗೆದು ಟೇಬಲ್ ಮೇಲಿಟ್ಟರು. ಅಂಗಡಿಯ ಸ್ಕ್ಯಾನರ್.

"ಕಿತ್ತಾಕ್ಬಿಟ್ಟೆ ಮೇಡಂ. ಬೆಂಗಳೂರಲ್ಲಿ ನಮ್ ಬಾಮೈದಂಗೆ ನೋಟಿಸ್ ಬಂದದೆ. ನಮ್ಗೂ ಬತ್ತದಂತೆ. ಇನ್ಮೇಲೆ ಬರೀ ಕ್ಯಾಶು."

ಹಾಸನ ಜಿಲ್ಲೆಯಲ್ಲಿ ತೆರಿಗೆ ಲೆಕ್ಕ ಬರೆಯುವ ನಮಗೆ ಆ ತಿಂಗಳು ಬಿಡುವೇ ಇರಲಿಲ್ಲ. ನಮ್ಮ ಜಿಲ್ಲೆಯವರ ಬೇಕರಿ, ಕಾಂಡಿಮೆಂಟ್ಸ್ ಬೆಂಗಳೂರಿನ ತುಂಬ ಇವೆ. ಅಲ್ಲಿ ನೋಟಿಸ್ ಬಂದರೆ ಚನ್ನರಾಯಪಟ್ಟಣದಲ್ಲಿ, ಹೊಳೆನರಸೀಪುರದಲ್ಲಿ ಮನೆಯವರಿಗೆ ನಿದ್ದೆ ಬರುವುದಿಲ್ಲ.

ಏನಾಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ ವ್ಯಾಪಾರಿಗಳಿಗೆ ಬಂದ ಹಣದ ಲೆಕ್ಕ ತರಿಸಿಕೊಂಡಿತು. 2021-22ರಿಂದ ಶುರುವಾಗಿ ನಾಲ್ಕು ವರ್ಷದ ಲೆಕ್ಕ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಯುಪಿಐನಲ್ಲಿ ಬಂದ ಹಣವೇ ಆ ಗಡಿ ದಾಟಿದ್ದರೂ ನೋಂದಣಿ ಮಾಡಿಸದವರಿಗೆ ಒಟ್ಟಿಗೇ ನೋಟಿಸ್ ಹೋಯಿತು. 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನುವ ಬೋರ್ಡುಗಳು ಎದ್ದವು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಹಾಲು, ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವರು ಹೆದರಬೇಕಿಲ್ಲ ಎಂದೂ ತಿಳಿಸಲಾಯಿತು. ಗಲಾಟೆ ತಣ್ಣಗಾಯಿತು. ಅದರ ಹಿಂದಿದ್ದ ಪ್ರಶ್ನೆ ಹಾಗೇ ಉಳಿಯಿತು.

ನನ್ನ ಎದುರು ಕೂತವರಿಗೆ ಆ ಮಧ್ಯಾಹ್ನ ಪ್ರಶ್ನೆ ಬೇಕಿರಲಿಲ್ಲ, ಲೆಕ್ಕ ಬೇಕಿತ್ತು. ಹಾಳೆ ತಗೊಂಡೆ. ದಿನದ ವ್ಯಾಪಾರ ಸರಾಸರಿ 12,000 ರೂಪಾಯಿ. ವರ್ಷಕ್ಕೆ 360 ದಿನ ಬಾಗಿಲು ತೆಗೆದರೆ 43 ಲಕ್ಷ 20 ಸಾವಿರ. ಗಡಿ ದಾಟಿದೆ. ವಾಟ್ಸಾಪಿನಲ್ಲಿ ಯಾರೋ ಅವರಿಗೆ 'ಪೂರ್ತಿ ಹಣದ ಮೇಲೆ ಶೇ 18' ಅಂತ ಕಳಿಸಿದ್ದರು. ಹಾಗಾದರೆ 7 ಲಕ್ಷ 77 ಸಾವಿರ ಚಿಲ್ಲರೆ. ಇಂಥ ಅಂಗಡಿಯಲ್ಲಿ ನೂರಕ್ಕೆ ಹತ್ತು ರೂಪಾಯಿ ಉಳಿದರೆ ಅದೇ ಜಾಸ್ತಿ. ಅಂದರೆ ವರ್ಷದ ಸಂಪಾದನೆಯ ಹೆಚ್ಚುಕಮ್ಮಿ ಎರಡರಷ್ಟು. ಅವರು ಸ್ಟಿಕ್ಕರ್ ಕಿತ್ತದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ನಿಜವಾದ ಲೆಕ್ಕ ನೋಡಿ. ಒಂದೂವರೆ ಕೋಟಿವರೆಗೆ ವಹಿವಾಟು ಇರುವ ವ್ಯಾಪಾರಿಗಳಿಗೆ ಕಾಂಪೋಸಿಷನ್ ಸ್ಕೀಮ್ ಇದೆ, ಅಂದರೆ ಒಂದೊಂದು ಮಾಲಿಗೆ ಒಂದೊಂದು ದರದ ಬದಲು ವಹಿವಾಟಿನ ಮೇಲೆ ಒಂದೇ ಸಣ್ಣ ದರ. ತೆರಿಗೆ ಶೇ 1 ಮಾತ್ರ. ಅದೂ ತೆರಿಗೆ ಬೀಳುವ ಮಾಲಿನ ಮೇಲೆ ಅಷ್ಟೇ. ಅವರ ವ್ಯಾಪಾರದಲ್ಲಿ ಮೂರರಲ್ಲಿ ಒಂದು ಪಾಲು ಹಾಲು. ಹಾಲಿಗೆ ಜಿಎಸ್‌ಟಿ ಇಲ್ಲ. 40 ಲಕ್ಷದ ಗಡಿ ದಾಟಿತೋ ಇಲ್ಲವೋ ಎಂದು ನೋಡುವಾಗ ಹಾಲಿನ ದುಡ್ಡೂ ಸೇರುತ್ತದೆ, ತೆರಿಗೆ ಕಟ್ಟುವಾಗ ಸೇರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಹಾಲು ಬಿಟ್ಟರೆ 28 ಲಕ್ಷ 80 ಸಾವಿರ. ಅದರ ಶೇ 1 ಅಂದರೆ 28,800 ರೂಪಾಯಿ. ದಿನಕ್ಕೆ 80 ರೂಪಾಯಿ.

ಅವರು ಆ 80ನ್ನು ಎರಡು ಸಲ ಬೆರಳಿಟ್ಟು ನೋಡಿದರು. "ಇಷ್ಟೇನಾ? ಇದನ್ನ ಮೊದ್ಲೇ ಯಾರಾದ್ರೂ ಹೇಳಿದ್ರೆ ಕಟ್ತಿರ್ಲಿಲ್ವಾ ಮೇಡಂ?"

ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಕಾನೂನು ಏನು ಹೇಳುತ್ತದೆ? ಗಡಿ ದಾಟಿದ ದಿನದಿಂದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ತಪ್ಪಿದರೆ ಶೇ 1ರ ಬಾಗಿಲು ಹಳೇ ವರ್ಷಗಳಿಗೆ ಮುಚ್ಚಿದಂತೆ. ಕಾಂಪೋಸಿಷನ್ ಹಿಂದಿನ ದಿನಕ್ಕೆ ಸಿಗುವುದಿಲ್ಲ. ಆ ಅವಧಿಗೆ ಆಯಾ ಮಾಲಿನ ಪೂರ್ತಿ ದರ, ಮೇಲೆ ಬಡ್ಡಿ, ದಂಡ. ಬೆಳಿಗ್ಗೆ ಐದಕ್ಕೆ ಹಾಲಿನ ಕ್ರೇಟು ಇಳಿಸುವ ಮನುಷ್ಯನಿಗೆ ತಾನು ಯಾವ ದಿನ 40 ಲಕ್ಷ ದಾಟಿದೆ ಅಂತ ಹೇಗೆ ಗೊತ್ತಾಗಬೇಕು? ಫೆಬ್ರವರಿಯ ಯಾವುದೋ ಮಂಗಳವಾರ, ಯಾರೋ ಶಾಂಪೂ ಪ್ಯಾಕೆಟ್ ಕೊಂಡಾಗ ಅದು ದಾಟಿರುತ್ತದೆ. ಆ ಘಳಿಗೆ ಗೊತ್ತಿರುವುದು ಯುಪಿಐ ಕಂಪನಿಯ ಕಂಪ್ಯೂಟರಿಗೆ. ನಾಲ್ಕು ವರ್ಷದ ಲೆಕ್ಕವನ್ನು ಒಮ್ಮೆಗೇ ಇಲಾಖೆಗೆ ಒಪ್ಪಿಸುವ ಶಕ್ತಿ ಇರುವ ಕಂಪ್ಯೂಟರಿಗೆ, ಮೊದಲನೇ ವರ್ಷವೇ ಅಂಗಡಿಯವರಿಗೆ ಒಂದು ಮೆಸೇಜ್ ಕಳಿಸುವ ಶಕ್ತಿಯೂ ಇತ್ತು ಅಲ್ವಾ?

ಪ್ರತಿ ಅಂಗಡಿಯಲ್ಲೂ ಸೌಂಡ್ ಬಾಕ್ಸ್ ಇದೆ. ಇಪ್ಪತ್ತು ರೂಪಾಯಿ ಬಂದರೂ ಕನ್ನಡದಲ್ಲೇ ಕೂಗಿ ಹೇಳುತ್ತದೆ. ವರ್ಷದ ಮೊತ್ತ 30 ಲಕ್ಷ ಮುಟ್ಟಿದಾಗ ಅದೇ ಕನ್ನಡದಲ್ಲಿ ಇನ್ನೊಂದು ವಾಕ್ಯ ಹೇಳಿಸುವುದು ದೊಡ್ಡ ತಂತ್ರಜ್ಞಾನವೇನಲ್ಲ. 'ಈ ವರ್ಷ ನಿಮಗೆ 30 ಲಕ್ಷ ಬಂದಿದೆ. 40 ಲಕ್ಷ ದಾಟಿದರೆ ನೋಂದಣಿ ಬೇಕು. ಶೇ 1ರ ಸ್ಕೀಮ್ ಇದೆ.' ಮೂರೇ ವಾಕ್ಯ. ಸರ್ಕಾರ ಒಂದು ಆದೇಶ ಹೊರಡಿಸಿದರೆ ಕಂಪನಿಗಳು ಮಾಡುತ್ತವೆ. 2025ರಲ್ಲಿ ಇಲಾಖೆ ಜಾಗೃತಿ ಸಭೆಗಳನ್ನು ಮಾಡಿತು, ಒಳ್ಳೆಯದೇ. ಆದರೆ ಮೊದಲು ನೋಟಿಸ್ ಹೋಗಿ ಆಮೇಲೆ ಸಭೆ ಆಯಿತು.

ಇದನ್ನೆಲ್ಲ ಯೋಚಿಸುವಾಗ ನನಗೆ ನೆನಪಾಗುವುದು ನಮ್ಮಪ್ಪ. ಭೂಮಿ ಯೋಜನೆ ಬಂದ ಹೊಸತು, 2001 ಅಥವಾ 2002 ಇರಬೇಕು. ಅದಕ್ಕೆ ಮುಂಚೆ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. ಆ ಪುಸ್ತಕದಲ್ಲಿ ಏನು ಬರೆದಿದೆ ಅಂತ ರೈತರು ನೋಡುವುದೇ ಅಪರೂಪ. ಭೂಮಿಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಪ್ರಿಂಟ್ ಸಿಗುತ್ತಿತ್ತು. ಆ ಕೌಂಟರಿನಲ್ಲಿ ಎರಡು ಪರದೆ ಇದ್ದವು. ಒಂದು ಆಪರೇಟರ್ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಅಪ್ಪ ಅದರಲ್ಲಿ ತಮ್ಮ ಹೆಸರು, ಸರ್ವೆ ನಂಬರು, ಎಕರೆ ಗುಂಟೆ ಎಲ್ಲ ಓದಿದರು. ತಾತನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ಪ್ರಿಂಟ್ ಆಗುವ ಮೊದಲೇ ಕಂಡಿತು. ಅವತ್ತೇ ತಿದ್ದುಪಡಿಗೆ ಅರ್ಜಿ ಕೊಟ್ಟು ಬಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದ ಮಾತು ನನಗೆ ಇನ್ನೂ ಕೇಳಿಸುತ್ತದೆ. "ನಮ್ ಕಡೀಕೂ ತಿರುಗ್ಸಿಟ್ಟವ್ರೆ ಕಣೇ."

ಆ ಎರಡನೇ ಪರದೆಗೆ ಖರ್ಚು ಹೆಚ್ಚೇನೂ ಆಗಿರಲಿಕ್ಕಿಲ್ಲ. ಆದರೆ ಯೋಜನೆ ಮಾಡಿದವರು ಕೌಂಟರಿನ ಆಚೆ ನಿಂತವರ ಬಗ್ಗೆ ಯೋಚಿಸಿದ್ದರು. ತಂತ್ರಜ್ಞಾನದಲ್ಲಿ ನಾನು ಮೊದಲು ಹುಡುಕುವುದೇ ಅದನ್ನು. ನಮ್ಮ ಬಗ್ಗೆ ಸರ್ಕಾರಕ್ಕೆ ಗೊತ್ತಿರುವುದು ನಮಗೂ ಅದೇ ಹೊತ್ತಿಗೆ ಕಾಣುತ್ತದಾ?

ಆದಾಯ ತೆರಿಗೆಯಲ್ಲಿ ಇದು ತಕ್ಕಮಟ್ಟಿಗೆ ಆಗಿದೆ. 2021ರ ನವೆಂಬರಿನಲ್ಲಿ ಎಐಎಸ್ ಅನ್ನುವ ವಾರ್ಷಿಕ ಮಾಹಿತಿ ಪಟ್ಟಿ ಬಂತು. ಲಾಗಿನ್ ಆದರೆ ಬ್ಯಾಂಕ್ ಬಡ್ಡಿ, ಷೇರು, ಆಸ್ತಿ ವ್ಯವಹಾರ, ಹೀಗೆ ಇಲಾಖೆಗೆ ನಿಮ್ಮ ಬಗ್ಗೆ ಬಂದ ಮಾಹಿತಿಯನ್ನು ನೀವೂ ನೋಡಬಹುದು. ತಪ್ಪಿದ್ದರೆ 'ಇದು ಸರಿಯಿಲ್ಲ' ಅಂತ ಅಲ್ಲೇ ಗುರುತು ಹಾಕಬಹುದು. ಯುಪಿಐ ಲೆಕ್ಕಕ್ಕೂ ಇಂಥದ್ದೇ ಒಂದು ಬೇಕು. ಯಾಕೆಂದರೆ ಯುಪಿಐನಲ್ಲಿ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ. ಅಂದು ಬಂದವರ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದೆವು. ಮಗಳ ಫೀಸಿಗೆ ಭಾವ ಹಾಕಿದ 40,000. ಚೀಟಿ ಎತ್ತಿದ ದುಡ್ಡು. ಪಕ್ಕದ ಅಂಗಡಿಯವರು ಕ್ಯಾಶ್ ತಗೊಂಡು ಸ್ಕ್ಯಾನ್ ಮಾಡಿದ ಮೂರು ಸಾವಿರ. ಎಲ್ಲ ಒಂದೇ ಖಾತೆಯಲ್ಲಿ. ಯಂತ್ರಕ್ಕೆ ಇದೆಲ್ಲ ಒಂದೇ, ಬಂದ ಹಣ ಅಷ್ಟೇ. ಅದಕ್ಕೇ ನನ್ನ ಬಳಿ ಬರುವವರಿಗೆಲ್ಲ ಮೊದಲು ಹೇಳುವುದು, ಅಂಗಡಿಗೆ ಬೇರೆ ಖಾತೆ ಮಾಡಿ. ಮನೆಯ ದುಡ್ಡು ಆ ಸ್ಕ್ಯಾನರಿಗೆ ಬರಲೇಬಾರದು.

ಸ್ಟಿಕ್ಕರ್ ಕಿತ್ತದ್ದನ್ನು ಮಾತ್ರ ನಾನು ಒಪ್ಪಲಿಲ್ಲ. ಕ್ಯಾಶ್ ತಗೊಂಡರೂ ವಹಿವಾಟು ವಹಿವಾಟೇ, ಗಡಿ ದಾಟಿದರೆ ನೋಂದಣಿ ಬೇಕೇ ಬೇಕು. ಪಕ್ಕದ ಬೀದಿಯಲ್ಲಿ ನೋಂದಣಿ ಮಾಡಿಸಿ ತೆರಿಗೆ ಕಟ್ಟುತ್ತಿರುವ ಅಂಗಡಿಯವರೂ ಇದ್ದಾರೆ, ಅವರಿಗೆ ಅನ್ಯಾಯ ಆಗಬಾರದು. ಇಲಾಖೆ ತೆರಿಗೆ ಕೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಇನ್ನೊಂದು ಲಾಭವನ್ನೂ ಮರೆಯಬಾರದು. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳು ಪುಸ್ತಕ ಬರೆಯದೆ ಅಂದಾಜು ಲಾಭ ತೋರಿಸುವ ಅವಕಾಶ ಇದೆ. ಕ್ಯಾಶ್ ವ್ಯಾಪಾರಕ್ಕೆ ಶೇ 8, ಡಿಜಿಟಲ್ ಆದರೆ ಶೇ 6. 43 ಲಕ್ಷ 20 ಸಾವಿರವೂ ಡಿಜಿಟಲ್ ಆಗಿದ್ದರೆ ಲಾಭ 2 ಲಕ್ಷ 59 ಸಾವಿರ. ಬೇರೆ ಆದಾಯ ಇಲ್ಲದಿದ್ದರೆ ಆದಾಯ ತೆರಿಗೆ ಸೊನ್ನೆ.

ನನಗೆ ನೋವಾಗುವುದು ಬೇರೆ ಕಾರಣಕ್ಕೆ. 2020ರಲ್ಲಿ ಪಿಎಂ ಸ್ವನಿಧಿ ಬಂದಾಗ ಬೀದಿ ವ್ಯಾಪಾರಿಗಳಿಗೆ 10,000 ಸಾಲ ಕೊಟ್ಟು, ಸ್ಕ್ಯಾನರ್ ಬಳಸಿದರೆ ವರ್ಷಕ್ಕೆ 1,200 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಅಂತ ಪ್ರೋತ್ಸಾಹ ಕೊಟ್ಟರು. 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿಗಳಿಂದ ಶುಲ್ಕವೂ ಇಲ್ಲ. ಬನ್ನಿ ಬನ್ನಿ ಅಂತ ಕರೆದರು. ಜನ ನಂಬಿ ಬಂದರು. ಕರೆದು ಕೂರಿಸಿದ ಮೇಲೆ, ಇಲ್ಲಿಗೆ ಬಂದರೆ ಲೆಕ್ಕವೂ ಇಡಬೇಕಪ್ಪ ಅಂತ ಒಂದು ಮಾತು ಹೇಳುವುದು ಕರೆದವರ ಜವಾಬ್ದಾರಿ. ಕೇಂದ್ರ ಕರೆಯಿತು, ರಾಜ್ಯ ನೋಟಿಸ್ ಕೊಟ್ಟಿತು ಅನ್ನುವ ವಾದ ಅಂಗಡಿಯವರಿಗೆ ಬೇಕಿಲ್ಲ. ಅವರಿಗೆ ಇಬ್ಬರೂ ಸರ್ಕಾರವೇ.

ನಿಯಮದಲ್ಲೇ ತೊಡಕಿರುವ ಇನ್ನೊಂದು ಸಂಗತಿ ಇದೆ. ಸಕಲೇಶಪುರ, ಮೂಡಿಗೆರೆ ಕಡೆಯ ಹುಡುಗ ಹುಡುಗಿಯರು ಬೆಂಗಳೂರು ಬಿಟ್ಟು ತೋಟಕ್ಕೆ ವಾಪಸ್ ಬರುತ್ತಿದ್ದಾರೆ. ತಾವೇ ಕಾಫಿ ಹುರಿದು, ಪುಡಿ ಮಾಡಿ, ಇನ್‌ಸ್ಟಾಗ್ರಾಮಿನಲ್ಲಿ ಮಾರುತ್ತಾರೆ. ಹುರಿಯದ ಬೀಜಕ್ಕೆ ಜಿಎಸ್‌ಟಿ ಇಲ್ಲ. ಹುರಿದರೆ ಶೇ 5. ಅಲ್ಲಿವರೆಗೆ ಸರಿ. ಆ ಪುಡಿಯನ್ನು ಸಕಲೇಶಪುರದಿಂದ ಬೆಂಗಳೂರಿಗೋ ಬೀದರಿಗೋ ಕಳಿಸಿದರೆ 40 ಲಕ್ಷದವರೆಗೆ ನೋಂದಣಿ ಬೇಡ. ಅದೇ ಪ್ಯಾಕೆಟ್ ಒಂದೇ ಒಂದು ಕೊಯಮತ್ತೂರಿಗೆ ಹೋದರೆ, 250 ರೂಪಾಯಿಯದ್ದಾದರೂ ಸರಿ, ನೋಂದಣಿ ಬೇಕು. ತೆರಿಗೆ ಬೀಳುವ ಸರಕು ರಾಜ್ಯದ ಗಡಿ ದಾಟಿದರೆ 40 ಲಕ್ಷದ ವಿನಾಯಿತಿ ಸಿಗುವುದಿಲ್ಲ. ಹಾಸನದಲ್ಲಿ ಕೂತು ಮುಂಬೈ ಕಂಪನಿಗೆ ವೆಬ್‌ಸೈಟ್ ಮಾಡಿಕೊಡುವ ಹುಡುಗನಿಗೆ 20 ಲಕ್ಷದವರೆಗೆ ನೋಂದಣಿ ಬೇಡ, ಸೇವೆಗೆ 2017ರ ಅಕ್ಟೋಬರಿನಲ್ಲೇ ಆ ವಿನಾಯಿತಿ ಸಿಕ್ಕಿತು. ಕಾಫಿ ಪುಡಿಗೆ ಇಲ್ಲ. ಕಾಂಪೋಸಿಷನ್ ತಗೊಳ್ಳೋಣ ಅಂದರೆ ಅದರಲ್ಲಿರುವವರು ಹೊರ ರಾಜ್ಯಕ್ಕೆ ಮಾಲು ಮಾರುವಂತಿಲ್ಲ. ತಮ್ಮ ಹೆಸರಿನಲ್ಲಿ ಪುಡಿ ಮಾರಬೇಕು ಅಂತ ಆಸೆಪಟ್ಟ ಒಬ್ಬ ಹುಡುಗಿಗೆ ಈ ನಿಯಮ ವಿವರಿಸುವಾಗ ನನಗೇ ಬೇಜಾರಾಯಿತು. ಸೇವೆಗೆ ಕೊಟ್ಟ 20 ಲಕ್ಷದ ವಿನಾಯಿತಿಯನ್ನು ಸಣ್ಣ ಸರಕಿಗೂ ಕೊಡಲಿ. ಜಿಎಸ್‌ಟಿ ಕೌನ್ಸಿಲ್ ಮನಸ್ಸು ಮಾಡಿದರೆ ಆಗುವ ಕೆಲಸ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಎಲ್ಲ ಮಾಲಿಗೂ ಶೇ 12 ಮತ್ತು ಶೇ 28ರ ದರಗಳನ್ನೇ ತೆಗೆದುಹಾಕಿದವರಿಗೆ ಇದು ಕಷ್ಟವಲ್ಲ.

ಅಲ್ಲಿಯವರೆಗೆ ನಾನು ಮಾಡಬಹುದಾದ್ದು ಚಿಕ್ಕದು. ಒಂದು ಹಾಳೆ ಕನ್ನಡದಲ್ಲಿ ಪ್ರಿಂಟ್ ಮಾಡಿಸಿದ್ದೇನೆ, ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿಕೊಳ್ಳಲು. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಎರಡು ಸಂಖ್ಯೆ ಇದೆ. 40 ಲಕ್ಷವನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 10,959 ರೂಪಾಯಿ. ಸೇವೆಯವರಿಗೆ 5,479. ಕ್ಯಾಶ್, ಯುಪಿಐ ಎರಡೂ ಸೇರಿ ನಿಮ್ಮ ದಿನದ ವ್ಯಾಪಾರ ಸರಾಸರಿ ಇದರ ಹತ್ತಿರ ಬಂದರೆ ಲೆಕ್ಕದವರನ್ನು ಕಾಣಿ, ಕಾಯಬೇಡಿ. ಕೆಳಗೆ ಖಾಲಿ ಗೆರೆಗಳಿವೆ, ತಿಂಗಳ ಮೊತ್ತ ಬರೆದುಕೊಳ್ಳಲು. ಕೊಂಡ ಮಾಲಿನ ಬಿಲ್ಲುಗಳನ್ನು ಹಾಳೆಯ ಹಿಂದೆ ಕ್ಲಿಪ್ ಹಾಕಿಡಿ. ಬೇಕರಿಯವರು ಮಾತ್ರ ಒಮ್ಮೆ ಬಂದು ಮಾತಾಡಿಕೊಂಡು ಹೋಗಿ. ತಯಾರಿಸುವವರಿಗೆ ಆ ಶೇ 1 ಪೂರ್ತಿ ವಹಿವಾಟಿನ ಮೇಲೆ ಬೀಳುತ್ತದೆ, ಟೇಬಲ್ ಹಾಕಿ ಬಡಿಸಿದರೆ ಹೋಟೆಲಿಗಿರುವ ಬೇರೆ ದರ ಬರಬಹುದು.

ಕಟ್ಟಿನಕೆರೆಯವರು ಆಗಸ್ಟಿನಲ್ಲಿ ನೋಂದಣಿ ಮಾಡಿಸಿದರು. ಅಂಗಡಿಗೆ ಬೇರೆ ಖಾತೆ, ಹೊಸ ಸ್ಟಿಕ್ಕರ್. ತಿಂಗಳ ಮೊತ್ತ ಬರೆಯುವುದು ಅವರ ಹೆಂಡತಿ. ಮೊನ್ನೆ ಹಾಲು ತರಲು ಹೋದಾಗ ಹಾಳೆ ತೋರಿಸಿದರು. ಅಕ್ಟೋಬರಿನ ಗೆರೆಯ ಪಕ್ಕ ಪೆನ್ಸಿಲಿನಲ್ಲಿ 'ಹಾಸನಾಂಬ ಜಾತ್ರೆ, ಜಾಸ್ತಿ' ಅಂತ ಬರೆದಿದ್ದರು.