ಬಂಗಡೆ ಸಾರಿನ ತಪ್ಪಲ್ಲ

ಬುಧವಾರ ರಾತ್ರಿ ಊಟಕ್ಕೆ ಬಂಗಡೆ ಸಾರು. ಗುರುವಾರ ಬೆಳಗ್ಗೆ ಎದ್ದು ನೋಡಿದರೆ ಬಾತ್ರೂಮಿನ ಮುಂದೆ ಕ್ಯೂ, ಹಾಲ್‌ನಲ್ಲಿ ಅಲ್ಲಲ್ಲಿ ವಾಂತಿ. ಇನ್ನೇನು ಬೇಕು? ತಿಂಡಿ ಮುಗಿಯುವುದರೊಳಗೆ ತೀರ್ಪು ಆಗಿಹೋಯಿತು. ಮೀನು ಹಳಸಿತ್ತು.

ಕುಮಟಾ, ಹೊನ್ನಾವರದ ನಡುವಿನ ಒಂದು ಚರ್ಚಿನ ಬೇಸಿಗೆ ಯುವಶಿಬಿರ ಅದು. 12ರಿಂದ 17 ವರ್ಷದ 58 ಮಕ್ಕಳು. ಮಲಗಲು ಎರಡು ಹಾಲ್, ಸಾಲಾಗಿ ಚಾಪೆ. ಮೇ ತಿಂಗಳಾದ್ದರಿಂದ ಬಾವಿಯ ನೀರು ತಳ ಹಿಡಿದಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ರಾತ್ರಿ ಮಕ್ಕಳಿಗೆ ನಕ್ಷತ್ರ ತೋರಿಸಿ ಎಂದು ಕರೆದಿದ್ದರು. ಮೋಡ ಕವಿದು ಒಂದು ನಕ್ಷತ್ರವೂ ಕಾಣಲಿಲ್ಲ. ಬಕೆಟ್ ಹಿಡಿಯುವ ಕೆಲಸ ಮಾತ್ರ ಸಿಕ್ಕಿತು.

ಅಡುಗೆಯವರನ್ನು ಎಲ್ಲರೂ ಬಾಯಿ ಎಂದೇ ಕರೆಯುವುದು. ಮದುವೆ, ಫೆಸ್ತುಗಳಿಗೆ ನೂರಾರು ಜನಕ್ಕೆ ಬೇಯಿಸಿ ಹಾಕಿದ ಕೈ. ಅವತ್ತು ಒಲೆಯ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. "ಟೀಚರ್, ಮೀನು ಬೆಳಗ್ಗೆ ದೋಣಿಯಿಂದ ಇಳಿದದ್ದು. ಕಿವಿರು ಎತ್ತಿ ನೋಡಿಯೇ ತಂದೆ" ಎಂದರು. ಆದರೆ ಮಧ್ಯಾಹ್ನದ ಊಟ ಹೊರಗಿಂದ ತರಿಸುವ ಮಾತು ಆಗಲೇ ನಡೆದಿತ್ತು.

ನನಗೆ ಒಂದು ವಿಷಯ ಕೊರೆಯುತ್ತಿತ್ತು. ಬಂಗಡೆ ಕೆಟ್ಟರೆ ಅದರ ಗುರುತೇ ಬೇರೆ. ಬಂಗಡೆ, ಗೆದರೆಯಂಥ ಮೀನುಗಳನ್ನು ಬಿಸಿಲಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟಿಸುತ್ತವೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಅಲರ್ಜಿಯ ಥರವೇ. ನಮ್ಮ ಮಕ್ಕಳಲ್ಲಿ ಒಬ್ಬರಿಗೂ ತುರಿಕೆ ಇರಲಿಲ್ಲ. ಊಟವಾದ ಮೇಲೆ ಹತ್ತು ಗಂಟೆಯವರೆಗೂ ಅಂತ್ಯಾಕ್ಷರಿ ಆಡಿ ಕಿರುಚಿದ್ದರು.

ಹಾಗಾಗಿ ಒಂದು ನೋಟ್‌ಬುಕ್ ತೆಗೆದೆ. ಅಡ್ಡಗೆರೆ ಎಳೆದು ಗಂಟೆಗಳನ್ನು ಬರೆದೆ. ಯಾರಿಗೆ ಮೊದಲ ವಾಂತಿ ಎಷ್ಟು ಹೊತ್ತಿಗೆ ಆಯಿತೋ ಅಲ್ಲಿ ಒಂದು ಚುಕ್ಕೆ. ರೋಗದ ಮೂಲ ಹುಡುಕುವವರು ಮೊದಲು ಮಾಡುವ ಕೆಲಸವೇ ಇದು. ದೊಡ್ಡ ಲ್ಯಾಬ್ ಬೇಡ, ಪೆನ್ಸಿಲ್ ಸಾಕು.

ಚುಕ್ಕೆಗಳು ಯಾವ ಆಕಾರ ತಾಳುತ್ತವೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಒಂದೇ ಪಾತ್ರೆಯ ಊಟದಿಂದ ಬಂದದ್ದಾದರೆ ಚುಕ್ಕೆಗಳು ಒಂದೇ ಕಡೆ ಗುಂಪುಗೂಡಿ ಗುಡ್ಡದಂತೆ ಎದ್ದು, ಹಾಗೇ ಇಳಿದುಬಿಡುತ್ತವೆ. ಬೆಳಗ್ಗೆ ಮಾಡಿದ ಅನ್ನ ಸಂಜೆವರೆಗೆ ಹಾಗೇ ಇದ್ದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ವಿಷ ಮಾಡಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಜಗ್ಗದ ವಿಷ. ಅದರ ವಾಂತಿ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ಶುರು. ಅಡುಗೆಯವರ ಕೈಯ ಕೀವುಗಾಯದಿಂದ ಸೇರುವ ಸ್ಟೆಫೈಲೊಕಾಕಸ್ಸಿಗೂ ಹೆಚ್ಚೆಂದರೆ 8 ಗಂಟೆ. ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಾದರೆ ಲೆಕ್ಕವೇ ಬೇರೆ. ಮೊದಲು ಒಂದೇ ಚುಕ್ಕೆ, ನಡುವೆ ಖಾಲಿ ಜಾಗ, ಆಮೇಲೆ ಒಂದು ಅಲೆ, ಅದರ ಹಿಂದೆ ಇನ್ನೊಂದು.

ಶುಕ್ರವಾರ ಸಂಜೆಗೆ ನನ್ನ ಪುಟದಲ್ಲಿ ಗುರುವಾರದ 9 ಚುಕ್ಕೆ, ಶುಕ್ರವಾರದ 7 ಚುಕ್ಕೆ ಇದ್ದವು. ಬುಧವಾರದ ಸಾರು ಶುಕ್ರವಾರ ಸಂಜೆಯವರೆಗೆ ಹೊಸಬರನ್ನು ಹುಡುಕಿ ಹುಡುಕಿ ಹಿಡಿಯುವುದಿಲ್ಲ, ಅಲ್ವಾ? ಮೀನು ಮುಟ್ಟದ 6 ಮಕ್ಕಳಿದ್ದರು, ಅವರಲ್ಲೂ 3 ಮಂದಿ ಚಾಪೆ ಹಿಡಿದಿದ್ದರು. ಎರಡು ಸಲ ಬಡಿಸಿಕೊಂಡ ನಾನು ಗಟ್ಟಿಯಾಗಿದ್ದೆ. ಗುರುವಾರ ಮಲಗಿದವರೆಲ್ಲ ಒಂದೇ ಹಾಲ್‌ನವರು, ಅದರಲ್ಲೂ ಬಾತ್ರೂಮಿನ ಬಾಗಿಲ ಕಡೆಯ ಮೂಲೆಯವರು ಜಾಸ್ತಿ. ಇಷ್ಟಾದರೂ ಗೆರೆಯ ಶುರುವಿನಲ್ಲಿ ಇರಬೇಕಾದ ಆ ಒಂಟಿ ಚುಕ್ಕೆ ಮಾತ್ರ ಸಿಕ್ಕಿರಲಿಲ್ಲ.

ಅದು ಶನಿವಾರ ಸಿಕ್ಕಿತು. ಕಾಡಿನ ಕಡೆಯ ಊರಿಂದ ಬಂದ ಹುಡುಗಿ, 13 ವರ್ಷ. ಮಂಗಳವಾರ ರಾತ್ರಿ ಹನ್ನೊಂದರ ಹೊತ್ತಿಗೆ ಆ ಮೂಲೆಯಲ್ಲೇ ವಾಂತಿ ಮಾಡಿಕೊಂಡಿದ್ದಳು. ಗೆಳತಿ ಮತ್ತು ಅವಳು ಸೇರಿ ಟವೆಲ್ಲಿನಲ್ಲಿ ಒರೆಸಿ, ಟವೆಲ್ ಹಿಂಡಿ, ಕಿಟಕಿಯ ಸರಳಿಗೆ ಹಾಕಿ ಮಲಗಿದ್ದರು. ಬೆಳಗ್ಗೆ ಅವಳು ಹುಷಾರಾಗಿದ್ದಳು. ಯಾಕೆ ಹೇಳಲಿಲ್ಲ ಎಂದೆ. "ಹುಷಾರಿಲ್ಲ ಅಂದರೆ ಮನೆಗೆ ಕಳಿಸ್ತೇವೆ ಅಂತ ಮೊದಲ ದಿನವೇ ಮೈಕಿನಲ್ಲಿ ಹೇಳಿದ್ರಲ್ಲ ಟೀಚರ್" ಎಂದಳು.

ನಡೆ ನೋಡಿದರೆ ಇದು ನೊರೊವೈರಸ್ಸಿನದ್ದೇ. 1968ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಮಕ್ಕಳು ಹೀಗೇ ಸಾಲಾಗಿ ಮಲಗಿದರು. ನಾಲ್ಕು ವರ್ಷದ ಮೇಲೆ, 1972ರಲ್ಲಿ, ಆ ಮಾದರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ವೈರಸ್ಸನ್ನು ಗುರುತಿಸಿದವರು ಆಲ್ಬರ್ಟ್ ಕಪಿಕಿಯನ್. ಊರಿನ ಹೆಸರೇ ರೋಗಾಣುವಿಗೆ ಅಂಟಿತು. ಮೈಗೆ ಸೇರಿದ 12ರಿಂದ 48 ಗಂಟೆಯೊಳಗೆ ಇದ್ದಕ್ಕಿದ್ದಂತೆ ವಾಂತಿ, ಭೇದಿ, ಒಂದಿಷ್ಟು ಜ್ವರ. ಒಂದರಿಂದ ಮೂರು ದಿನದಲ್ಲಿ ವಾಸಿ. ವಾಸಿಯಾದ ಮೇಲೂ ಎರಡು ವಾರದವರೆಗೆ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ, ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ. ರೋಗಿಯ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ವೈರಸ್ ಕಣ. ಒಬ್ಬರನ್ನು ಮಲಗಿಸಲು 18 ಕಣಗಳಷ್ಟು ಕಡಿಮೆ ಸಾಕಾಗಬಹುದು ಎಂಬ ಅಂದಾಜಿದೆ.

ವಾಂತಿ ಮಾಡುವಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಏರಿ ಸುತ್ತಲಿನ ಚಾಪೆ, ಬ್ಯಾಗು, ಬಾಟಲಿಗಳ ಮೇಲೆ ಕೂರುತ್ತವೆ. 2010ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಹುಡುಗಿಯರ ಸಾಕರ್ ತಂಡವೊಂದು ಪಂದ್ಯಕ್ಕೆ ಹೋಗಿತ್ತು. ಒಬ್ಬಳಿಗೆ ಹೋಟೆಲ್ ಬಾತ್ರೂಮಿನಲ್ಲಿ ರಾತ್ರಿಯಿಡೀ ವಾಂತಿ. ತಿಂಡಿಯ ಚೀಲ ಅದೇ ಬಾತ್ರೂಮಿನಲ್ಲಿತ್ತು. ಅವಳು ಅದನ್ನು ಮುಟ್ಟಲೇ ಇಲ್ಲ. ಮಾರನೆಯ ದಿನ ಆ ಚೀಲದ ಬಿಸ್ಕತ್ತು ತಿಂದವರು ಮಲಗಿದರು. ಎರಡು ವಾರದ ಮೇಲೆ ಚೀಲವನ್ನು ಪರೀಕ್ಷಿಸಿದಾಗಲೂ ಅದರ ಮೇಲೆ ವೈರಸ್ಸಿನ ಗುರುತು ಸಿಕ್ಕಿತು. ಕಿಟಕಿಯ ಸರಳಿಗೆ ನೇತುಹಾಕಿದ ಆ ಟವೆಲ್ ನೆನಪಾದಾಗಲೆಲ್ಲ ನನಗೆ ಈ ಚೀಲವೂ ನೆನಪಾಗುತ್ತದೆ.

ಕೋವಿಡ್ ಕಾಲದಿಂದ ನಮಗೆ ಸ್ಯಾನಿಟೈಜರ್ ಮೇಲೆ ಭಾರೀ ಭಕ್ತಿ. ಶಿಬಿರದಲ್ಲೂ ಬಾಗಿಲಿಗೊಂದು ಬಾಟಲಿ ಇಟ್ಟಿದ್ದರು. ಕೊರೊನಾ ವೈರಸ್ಸಿಗೆ ಹೊರಗೊಂದು ಕೊಬ್ಬಿನ ಹೊದಿಕೆ ಇದೆ, ಆಲ್ಕೋಹಾಲ್ ಅದನ್ನು ಕರಗಿಸಿಬಿಡುತ್ತದೆ. ನೊರೊವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಇರುವುದು ಪ್ರೋಟೀನಿನ ಗಟ್ಟಿ ಚಿಪ್ಪು. ಆಲ್ಕೋಹಾಲ್ ಅದರ ಮುಂದೆ ಅಷ್ಟಾಗಿ ನಡೆಯುವುದಿಲ್ಲ. ಸೋಪೂ ಅದನ್ನು ಕೊಲ್ಲುವುದಿಲ್ಲ, ಚರ್ಮದಿಂದ ಬಿಡಿಸಿ ನೀರಿನ ಜೊತೆ ಕಳಿಸುತ್ತದೆ ಅಷ್ಟೆ. ಅಷ್ಟೇ ಸಾಕು. 20 ಸೆಕೆಂಡು ಉಜ್ಜಬೇಕು, ಹರಿಯುವ ನೀರು ಬೇಕು. ಮೇ ತಿಂಗಳ ಕರಾವಳಿಯಲ್ಲಿ ಕಷ್ಟದ್ದು ಈ ಎರಡನೆಯದೇ. ಒಂದೇ ಬಕೆಟ್ಟಿಗೆ 58 ಮಕ್ಕಳು ಕೈ ಅದ್ದಿದರೆ ಅದು ಕೈ ತೊಳೆದಂತಲ್ಲ. ನಾವು ಹಳೆಯ ಎಣ್ಣೆ ಡಬ್ಬಕ್ಕೆ ನಲ್ಲಿ ಕೂರಿಸಿ, ಕಟ್ಟೆಯ ಮೇಲಿಟ್ಟೆವು. ನೀರೂ ಉಳಿಯಿತು.

ನೆಲಕ್ಕೆ ಬ್ಲೀಚಿಂಗ್ ಪೌಡರ್. ಫಿನಾಯಿಲ್ ಹಾಕಿದರೆ ವಾಸನೆಯಿಂದ ಸಮಾಧಾನವಾಗುತ್ತದೆ, ಈ ವೈರಸ್ಸಿನ ಮಟ್ಟಿಗೆ ಅದನ್ನು ನೆಚ್ಚಬೇಡಿ. ಒಳ್ಳೆಯ ಪೌಡರಿನಲ್ಲಿ 33% ಕ್ಲೋರಿನ್ ಇರುತ್ತದೆ. ಲೀಟರ್ ನೀರಿಗೆ 15 ಗ್ರಾಂ ಕಲಸಿದರೆ ವಾಂತಿ ಬಿದ್ದ ಜಾಗಕ್ಕೆ ಬೇಕಾದ ಗಟ್ಟಿ ದ್ರಾವಣ. ಬಾಗಿಲ ಹಿಡಿ, ನಲ್ಲಿಗಳಿಗೆ 3 ಗ್ರಾಂ ಸಾಕು. ಮೊದಲು ಮಕ್ಕಳನ್ನು ದೂರ ಕಳಿಸಿ, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಹಳೆ ಬಟ್ಟೆ ಅಥವಾ ಪೇಪರಿನಿಂದ ವಾಂತಿಯನ್ನು ಎತ್ತಬೇಕು. ಆ ಮೇಲೆ ದ್ರಾವಣ ಹಾಕಿ ಹತ್ತು ನಿಮಿಷ ಬಿಡಬೇಕು. ನೇರ ವಾಂತಿಯ ಮೇಲೆ ಸುರಿದರೆ ಕ್ಲೋರಿನ್ನೆಲ್ಲ ಕೊಳೆಯ ಜೊತೆ ಸೆಣಸಿಯೇ ಮುಗಿದುಹೋಗುತ್ತದೆ. ನಮ್ಮ ಹವೆಯಲ್ಲಿ ತೆರೆದಿಟ್ಟ ಪೌಡರ್ ತೇವ ಎಳೆದು ಬೇಗ ಸತ್ವ ಕಳೆದುಕೊಳ್ಳುತ್ತದೆ, ಹೋದ ವರ್ಷದ ಮೂಟೆ ಪ್ರಯೋಜನವಿಲ್ಲ. ಇನ್ನೊಂದು ಮಾತು, ಇದನ್ನು ಬಾತ್ರೂಮ್ ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ. ಏಳುವ ಕ್ಲೋರಿನ್ ಗಾಳಿ ಉಸಿರುಗಟ್ಟಿಸುತ್ತದೆ. ಗುರುವಾರ ಒಬ್ಬ ಉತ್ಸಾಹಿ ಸ್ವಯಂಸೇವಕನ ಕೈಯಿಂದ ಆಸಿಡ್ ಬಾಟಲಿ ಕಿತ್ತುಕೊಂಡದ್ದು ಆ ವಾರದ ನನ್ನ ದೊಡ್ಡ ಸಾಧನೆ.

ಮಲಗಿದ ಮಕ್ಕಳಿಗೆ ಮದ್ದು ಏನು? ನೊರೊವೈರಸ್ಸಿಗೆ ಆಂಟಿಬಯಾಟಿಕ್ ಇಲ್ಲ. ಹೋದ ನೀರು, ಉಪ್ಪು ವಾಪಸ್ ಕೊಡುವುದೇ ಮದ್ದು. ಇದನ್ನು ಜಗತ್ತು ಕಲಿತದ್ದೂ ಒಂದು ಕ್ಯಾಂಪಿನಲ್ಲೇ, ನಿರಾಶ್ರಿತರ ಕ್ಯಾಂಪಿನಲ್ಲಿ. 1971ರಲ್ಲಿ ಬಾಂಗ್ಲಾ ಗಡಿಯ ಬನಗಾಂವ್‌ನಲ್ಲಿ ಕಾಲರಾ ಎದ್ದಿತ್ತು. ಡ್ರಿಪ್ ಬಾಟಲಿ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿಟ್ಟು, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. 30%ದಷ್ಟಿದ್ದ ಸಾವು 4%ಕ್ಕಿಂತ ಕೆಳಗಿಳಿಯಿತು. ಗುಟ್ಟು ಕರುಳಿನಲ್ಲಿದೆ. ಕರುಳಿನ ಗೋಡೆಯಲ್ಲಿ ಉಪ್ಪು, ಸಕ್ಕರೆ ಎರಡೂ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲುಗಳಿವೆ. ಅವು ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ಭೇದಿಯಲ್ಲೂ ಆ ಬಾಗಿಲು ಕೆಡುವುದಿಲ್ಲ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸ. ಅಡುಗೆಯ ಬಾಯಿ ಮಾಡಿಕೊಟ್ಟ, ಉಪ್ಪು ಹಾಕಿದ ಕುಚಲಕ್ಕಿ ಪೇಜ್, ಅಂದರೆ ಗಂಜಿ ಕೂಡ ಒಳ್ಳೆಯದೇ, ಗಂಜಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸೇ ಆಗುತ್ತದೆ. ಗಟಗಟ ಕುಡಿಸಬಾರದು. ವಾಂತಿ ಆದ ಮೇಲೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ. ಕಣ್ಣು ಗುಳಿ ಬಿದ್ದರೆ, ಆರೆಂಟು ಗಂಟೆ ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ದೊಡ್ಡ ಆಸ್ಪತ್ರೆಗೆ ಮಣಿಪಾಲ, ಗೋವಾ, ಹುಬ್ಬಳ್ಳಿ ಎಂದು ಓಡುವ ಜಿಲ್ಲೆ ನಮ್ಮದು. ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೆಮ್ಮು, ಜ್ವರದ ರೋಗಗಳದ್ದು ಇನ್ನೊಂದು ದಾರಿ, ಗಾಳಿಯ ದಾರಿ. 2020ರ ಜೂನ್‌ನಲ್ಲಿ ಅಮೆರಿಕದ ಜಾರ್ಜಿಯಾದ ಒಂದು ಶಿಬಿರದಲ್ಲಿ 597 ಜನ ಇದ್ದರು. ಎಲ್ಲರೂ ಕೋವಿಡ್ ಇಲ್ಲ ಎಂಬ ಚೀಟಿ ತಂದವರೇ, ಆದರೆ ಅದು 12 ದಿನದಷ್ಟು ಹಳೆಯದಾದರೂ ನಡೆಯುತ್ತಿತ್ತು. ದಿನಾ ಜೋರಾಗಿ ಹಾಡು, ಕೂಗಾಟ. ಮಲಗುವ ಕೋಣೆಗಳ ಕಿಟಕಿ ತೆರೆದಿರಲಿಲ್ಲ. ಪರೀಕ್ಷೆಯ ಫಲಿತಾಂಶ ಸಿಕ್ಕ 344 ಜನರಲ್ಲಿ 260 ಮಂದಿಗೆ ಸೋಂಕು. ಅದೇ ಬೇಸಿಗೆ ಮೇನ್ ರಾಜ್ಯದ ನಾಲ್ಕು ಶಿಬಿರಗಳಲ್ಲಿ 1,022 ಜನ ಸೇರಿದ್ದರು. ಬರುವ ಮೊದಲೂ, ಬಂದ ಮೇಲೂ ಪರೀಕ್ಷೆ, ಚಿಕ್ಕ ಚಿಕ್ಕ ಗುಂಪು, ದಿನಾ ವಿಚಾರಣೆ. 3 ಮಂದಿಯಲ್ಲಿ ಸೋಂಕು ಕಂಡಿತು, ಬೇರೆ ಇಟ್ಟರು, ಅಲ್ಲಿಗೇ ನಿಂತಿತು. ನಮ್ಮಲ್ಲಿ ಸಂಜೆಯಾದರೆ ಸೊಳ್ಳೆ ಎಂದು ಹಾಲ್‌ನ ಕಿಟಕಿ ಮುಚ್ಚಿ ಭಜನೆ, ಗೀತೆ ಶುರು. ಕಿಟಕಿಗೆ ಜಾಲರಿ ಹೊಡೆಸಿದರೆ ಸೊಳ್ಳೆಯೂ ಬಾರದು, ಗಾಳಿಯೂ ಆಡುತ್ತದೆ. ಸೀತಾಳೆ ಸಿಡುಬಿನದ್ದು ಬೇರೆ ಕಾಟ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅಂಟುತ್ತದೆ, ಅಂಟಿಸಿಕೊಂಡವರಿಗೆ 10ರಿಂದ 21 ದಿನದ ಮೇಲೆ ಮನೆಯಲ್ಲಿ ಕಾಣಿಸುತ್ತದೆ. ಇನ್ನು ಸಿರ್ಸಿ, ಸಿದ್ದಾಪುರದ ಕಾಡಂಚಿನ ಶಿಬಿರಗಳಲ್ಲಿ ಹೆದರಿಸುವ ಮಂಗನ ಕಾಯಿಲೆ ಉಣುಗಿನಿಂದ ಬರುವುದು, ಪಕ್ಕದಲ್ಲಿ ಮಲಗಿದವರಿಂದಲ್ಲ.

ಶುಕ್ರವಾರ ಸಭೆ ಸೇರಿತು. ಶಿಬಿರ ಮುಚ್ಚಿ ಎಲ್ಲರನ್ನೂ ಬಸ್ ಹತ್ತಿಸೋಣ ಎಂದರು ಕೆಲವರು. ಕೇಳಲು ಸರಿಯೇ. ಆದರೆ ಭಟ್ಕಳದಿಂದ ಜೋಯಿಡಾವರೆಗಿನ ಮಕ್ಕಳು ಅವರು. ಯಾರ ಹೊಟ್ಟೆಯಲ್ಲಿ ವೈರಸ್ ಕಾಯುತ್ತಿದೆ ಎಂದು ಹಣೆಯ ಮೇಲೆ ಬರೆದಿರುವುದಿಲ್ಲ. ಮನೆಯಲ್ಲಿ ಅಜ್ಜ, ಅಜ್ಜಿ, ಹಾಲು ಕುಡಿಯುವ ಕೂಸು ಇರುತ್ತವೆ. 2021ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಚರ್ಚ್ ಶಿಬಿರವೊಂದು ಮತ್ತು ಅದರ ಬೆನ್ನಿಗೆ ನಡೆದ ಸಮಾವೇಶದಿಂದ 180 ಕೋವಿಡ್ ಪ್ರಕರಣ ಹುಟ್ಟಿದವು. ಅವುಗಳಲ್ಲಿ 58 ಮಂದಿ ಅಲ್ಲಿಗೆ ಹೋದವರೇ ಅಲ್ಲ.

ಫಾದರ್ ನಡುದಾರಿ ಹಿಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದರು. ಅಲ್ಲಿಂದ ಬಂದವರು ಬಾವಿಗೆ ಕ್ಲೋರಿನ್ ಹಾಕಿಸಿದರು. ಸ್ವಂತ ಬಾತ್ರೂಮ್ ಇದ್ದ ಒಂದು ಕ್ಲಾಸ್‌ರೂಮ್ ರೋಗಿಗಳಿಗೆ. ವಾಂತಿ, ಭೇದಿ ನಿಂತ ಮೇಲೂ 48 ಗಂಟೆ ಅಲ್ಲೇ. ಹುಷಾರಿದ್ದವರ ಎರಡು ಹಾಲ್ ಊಟಕ್ಕೂ ಸೇರಬಾರದು. ಬಡಿಸುವ ಕೆಲಸ ಮಕ್ಕಳಿಂದ ತೆಗೆದು ದೊಡ್ಡವರಿಗೆ. ಮೈಕಿನ ಮಾತನ್ನೂ ಬದಲಿಸಿದರು. "ಹೊಟ್ಟೆ ತೊಳಸಿದರೆ ಯಾವ ಹೊತ್ತಿಗಾದರೂ ಎಬ್ಬಿಸಿ, ಯಾರನ್ನೂ ಮನೆಗೆ ಕಳಿಸುವುದಿಲ್ಲ" ಎಂದರು. ಆ ರಾತ್ರಿ ಇಬ್ಬರು ಬಂದು ಎಬ್ಬಿಸಿದರು. ವಾಂತಿ ಬಕೆಟ್ಟಿಗೇ ಆಯಿತು. ನನ್ನ ಪುಟದಲ್ಲಿ ಅವೇ ಕೊನೆಯ ಎರಡು ಚುಕ್ಕೆ.

ಭಾನುವಾರ ಮುಗಿಯಬೇಕಿದ್ದ ಶಿಬಿರ ಮಂಗಳವಾರದವರೆಗೆ ನಡೆಯಿತು. ಸೋಮವಾರ ಬೆಳಗ್ಗೆ ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಹೋದೆ. ಮಂಗಳವಾರದ ಒಂಟಿ ಚುಕ್ಕೆ ತೋರಿಸಿದೆ, ಬುಧವಾರದ ಖಾಲಿ ಜಾಗ ತೋರಿಸಿದೆ. ಕೈ ಒರೆಸಿಕೊಂಡು ಬಂದ ಬಾಯಿ ಒಂದೊಂದೇ ಚುಕ್ಕೆಯ ಮೇಲೆ ಬೆರಳಿಟ್ಟು ಎಣಿಸಿದರು. ಬುಧವಾರದ ಹತ್ತಿರ ಬೆರಳು ನಿಂತಿತು.

"ಸಾರು ಮಾಡಿದ್ದಕ್ಕಿಂತ ಮೊದಲೇ ಶುರುವಾಗಿತ್ತು ಅನ್ನಿ" ಎಂದರು. ಹೌದೆಂದೆ. ಸ್ವಲ್ಪ ಹೊತ್ತು ಪುಟವನ್ನೇ ನೋಡಿ, "ಇದನ್ನು ಫಾದರ್‌ಗೂ ತೋರಿಸಿ ಟೀಚರ್. ಆಮೇಲೆ ಮಧ್ಯಾಹ್ನಕ್ಕೆ ಮೀನು ತರಲಾ ಬೇಡವಾ ಅಂತ ಕೇಳಿಕೊಂಡು ಬನ್ನಿ" ಎಂದರು.