ತುತ್ತಿನ ಹಿಂದಿನ ಕಾರ್ಖಾನೆ

ಆಹಾರ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಣ್ಣು, ನೀರು, ಬಿಸಿಲು ಎನ್ನುತ್ತೇವೆ. ನೂರು ವರ್ಷಗಳ ಹಿಂದೆ ಆ ಉತ್ತರ ಬಹುಮಟ್ಟಿಗೆ ಸಾಕಿತ್ತು. ಈಗ ಜಗತ್ತಿನ ಸುಮಾರು ಅರ್ಧದಷ್ಟು ಜನರ ಹೊಟ್ಟೆ ತುಂಬುತ್ತಿರುವುದು ಕಾರ್ಖಾನೆಯಲ್ಲಿ ತಯಾರಾದ ಸಾರಜನಕದ ಬಲದಿಂದ.

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ ಇದ್ದರೂ ಪೈರಿಗೆ ಅದು ದಕ್ಕದು. ಅದರ ಪರಮಾಣುಗಳ ಜೋಡಿ ಅಷ್ಟು ಬಿಗಿ. ಆದ್ದರಿಂದಲೇ ರೈತರು ಕೊಟ್ಟಿಗೆ ಗೊಬ್ಬರ ಹಾಕುತ್ತಿದ್ದರು, ಬೇರುಗಂಟುಗಳಲ್ಲಿ ಸಾರಜನಕ ಹಿಡಿದಿಡುವ ದ್ವಿದಳ ಧಾನ್ಯಗಳನ್ನು ಸರದಿಯಲ್ಲಿ ಬೆಳೆಯುತ್ತಿದ್ದರು. 19ನೇ ಶತಮಾನದ ಯುರೋಪಿಗೆ ಇಷ್ಟು ಸಾಲಲಿಲ್ಲ. 1840ರ ದಶಕದಿಂದ ಪೆರುವಿನಿಂದ ಕಡಲಹಕ್ಕಿಗಳ ಹಿಕ್ಕೆ ಹಡಗುಗಟ್ಟಲೆ ಸಾಗಿತು. ಅದನ್ನು ಅಗೆದವರಲ್ಲಿ ಜೀತದಂಥ ಕರಾರಿಗೆ ಸಿಕ್ಕಿಬಿದ್ದ ಚೀನೀ ಕೂಲಿಗಳು ಬಹಳ. ಹಿಕ್ಕೆಯ ರಾಶಿ ಕರಗಿದ ಮೇಲೆ ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿಯ ನೈಟ್ರೇಟಿನ, ಅಂದರೆ ಸಾರಜನಕವಿರುವ ಲವಣದ ಸರದಿ. ಅದರ ಒಡೆತನಕ್ಕಾಗಿ 1879ರಲ್ಲಿ ಚಿಲಿ ಒಂದು ಕಡೆ, ಪೆರು ಮತ್ತು ಬೊಲಿವಿಯಾ ಇನ್ನೊಂದು ಕಡೆ ನಿಂತು ಕಾದಾಡಿದವು. ಇದೂ ಮುಗಿದರೆ ಗೋಧಿಯ ಗತಿಯೇನು ಎಂದು 1898ರಲ್ಲಿ ರಸಾಯನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಎಚ್ಚರಿಸಿದರು.

1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ, ಗೊಬ್ಬರಕ್ಕೆ ಮೂಲವಾಗುವ ಅಮೋನಿಯಾವನ್ನು ಹನಿಹನಿಯಾಗಿ ಇಳಿಸಿ ತೋರಿಸಿದರು. ಹೊಗಳಿಕೆಯೆಲ್ಲ ಅವರ ಪಾಲಿಗೆ ಹೋಗುತ್ತದೆ. ನನಗೆ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಲು ಕಾರ್ಲ್ ಬಾಷ್ ಪಟ್ಟ ಪಾಡೇ ಹೆಚ್ಚು ಸ್ವಾರಸ್ಯಕರ. ಭಾರೀ ಒತ್ತಡ, ಸುಡುವ ಬಿಸಿ. ಜಲಜನಕ ಉಕ್ಕಿನೊಳಗೆ ನುಗ್ಗಿ ಅದರ ಇಂಗಾಲವನ್ನೇ ಕಸಿಯುತ್ತಿತ್ತು, ಕೊಳವೆಗಳು ಪೆಡಸಾಗಿ ಸಿಡಿಯುತ್ತಿದ್ದವು. ಬಾಷ್ ಒಳಗೆ ಮೆತು ಕಬ್ಬಿಣದ ಪದರ ಕೊಟ್ಟು, ಹೊರಗಿನ ಉಕ್ಕಿಗೆ ಸಣ್ಣ ತೂತುಗಳನ್ನು ಕೊರೆದರು. ಪದರ ದಾಟಿದ ಜಲಜನಕ ಉಕ್ಕಿಗೆ ತೊಂದರೆ ಕೊಡದೆ ಆ ತೂತುಗಳಿಂದ ಆಚೆ ಹೋಯಿತು. 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಅಮೋನಿಯಾ ಕಾರ್ಖಾನೆ ಶುರುವಾಯಿತು. ಮರುವರ್ಷವೇ ಮಹಾಯುದ್ಧ, ಗೊಬ್ಬರಕ್ಕೆಂದು ಹುಟ್ಟಿದ ಅಮೋನಿಯಾ ಸಿಡಿಮದ್ದಿಗೂ ಒದಗಿತು.

ಹೊಲಕ್ಕೆ ಅದು ಧಾರಾಳವಾಗಿ ಹರಿದದ್ದು ಎರಡನೇ ಮಹಾಯುದ್ಧದ ನಂತರ. ಎತ್ತರದ ಗೋಧಿ ಹೆಚ್ಚು ಗೊಬ್ಬರ ಉಂಡು ತೆನೆಯ ಭಾರಕ್ಕೆ ನೆಲಕ್ಕೊರಗುತ್ತಿತ್ತು. ಕೃಷಿ ವಿಜ್ಞಾನಿ ನಾರ್ಮನ್ ಬೊರ್ಲಾಗ್ ಮೆಕ್ಸಿಕೋದಲ್ಲಿ ಜಪಾನಿ ಮೂಲದ ಗಿಡ್ಡ ತಳಿಯ ಗುಣ ಬೆರೆಸಿದ ಮೇಲೆ ಅದು ನೆಟ್ಟಗೆ ನಿಂತಿತು.

ಹಾಕಿದ ಸಾರಜನಕದಲ್ಲಿ ಸುಮಾರು ಅರ್ಧವಷ್ಟೇ ಬೆಳೆಗೆ ಸೇರುತ್ತದೆ, ಮಿಕ್ಕಿದ್ದು ನೀರಿಗೆ, ಗಾಳಿಗೆ. ಅಮೋನಿಯಾಗೆ ಬೇಕಾದ ಜಲಜನಕ ಹೆಚ್ಚಾಗಿ ಬರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. 2022ರಲ್ಲಿ ಅನಿಲದ ಬೆಲೆ ಏರಿದಾಗ ಯುರೋಪಿನ ಹಲವು ಗೊಬ್ಬರ ಕಾರ್ಖಾನೆಗಳು ಬಾಗಿಲು ಹಾಕಿದವು. ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕ ಪಡೆಯುವುದನ್ನು ಈಗ ಹೊಸ ದಾರಿಯೆಂದು ಸಾರಲಾಗುತ್ತಿದೆ. ಹೊಸದೇನಲ್ಲ: ನಾರ್ವೆಯವರು 1929ರಲ್ಲೇ ಜಲವಿದ್ಯುತ್ತಿನಿಂದ ಇದನ್ನು ಮಾಡುತ್ತಿದ್ದರು. ಅಗ್ಗದ ಇಂಧನ ಬಂದು ಅದನ್ನು ಮೂಲೆಗೆ ಸರಿಸಿತು.